'ಅದ್ಭುತ' ಅನ್ನಬಾರದು: ಜೋನಿ ಮಿಚೆಲ್ ಅಭಿಮಾನಿಗಳ ನಮ್ಮ ಪುಟ್ಟ ಗುಂಪು

ಮೊದಲ ಸಲ ಅಭಿಮಾನಿ ಪತ್ರ ಬರೆಯಲು ಕೂತಾಗ ನಾಲ್ಕು ಪುಟ ತುಂಬಿಸಿದ್ದೆ. ಬರೆದು ಮುಗಿಸಿ ಓದಿಕೊಂಡರೆ 'ಅದ್ಭುತ' ಅನ್ನುವ ಪದ ಹನ್ನೊಂದು ಸಲ ಬಂದಿತ್ತು. 'ನಾನು' ಎಷ್ಟು ಸಲ ಬಂದಿದೆ ಅಂತ ಎಣಿಸಲು ಧೈರ್ಯ ಬರಲಿಲ್ಲ. ಜೋನಿ ಮಿಚೆಲ್ ಬಗ್ಗೆ ಇದ್ದದ್ದು ಎರಡೇ ಸಾಲು. ಆ ಎರಡು ಸಾಲನ್ನೂ ಹೆಸರು ಬದಲಿಸಿ ಯಾವ ಹಾಡುಗಾರ್ತಿಗೆ ಬೇಕಾದರೂ ಕಳಿಸಬಹುದಿತ್ತು.

ಪತ್ರ ಕಳಿಸಲಿಲ್ಲ. ಈಗಲೂ ಡ್ರಾಯರ್‌ನಲ್ಲಿದೆ. ಆಗಾಗ ತೆಗೆದು ಓದುತ್ತೇನೆ, ಸುಮ್ನೆ ಸೊಕ್ಕು ಇಳಿಯಲಿ ಅಂತ.

ಜೋನಿ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಫೋರ್ಟ್ ಮಕ್ಲೌಡ್‌ನಲ್ಲಿ 1943ರ ನವೆಂಬರ್ 7ರಂದು ಹುಟ್ಟಿದವರು. ಹಾಡು ಬರೆಯುವವರು, ಅದಕ್ಕೆ ರಾಗ ಕಟ್ಟುವವರು, ಹಾಡುವವರು, ನುಡಿಸುವವರು ಎಲ್ಲ ಅವರೇ. ಇಂಥವರಿಗೆ ಕನ್ನಡದಲ್ಲಿ ವಾಗ್ಗೇಯಕಾರ ಅನ್ನುವ ಒಳ್ಳೆ ಹಳೇ ಪದ ಇದೆ. ಮಾತೂ ಅವರದ್ದೇ, ಧಾತೂ ಅವರದ್ದೇ. ಸಾಲದ್ದಕ್ಕೆ ಚಿತ್ರವನ್ನೂ ಬರೆಯುತ್ತಾರೆ. ತಮ್ಮ ಎಷ್ಟೋ ಆಲ್ಬಮ್‌ಗಳ ಮುಖಪುಟ ಅವರದ್ದೇ ಕುಂಚದ್ದು.

ನಮ್ಮ ಗುಂಪು ಶುರುವಾದದ್ದು 2021ರ ಜೂನ್‌ನಲ್ಲಿ. ಅವರ 'ಬ್ಲೂ' ಆಲ್ಬಮ್‌ಗೆ ಆಗ ಐವತ್ತು ತುಂಬಿತ್ತು. ಹೊರಗೆ ಹೋಗುವಂತಿಲ್ಲದ ಕಾಲ. ಪರಿಚಯದ ನಾಲ್ಕು ಜನಕ್ಕೆ ಮೆಸೇಜ್ ಹಾಕಿದೆ: ಶನಿವಾರ ರಾತ್ರಿ ಒಟ್ಟಿಗೆ 'ಬ್ಲೂ' ಕೇಳೋಣ, ಆಮೇಲೆ ಮಾತಾಡೋಣ. ಆ ನಾಲ್ವರು ಮತ್ತೆ ನಾಲ್ವರಿಗೆ ಹೇಳಿದರು. ವಿಡಿಯೋ ಕರೆಯಲ್ಲಿ ಒಂಬತ್ತು ಮುಖ.

ಮೊದಲ ರಾತ್ರಿ ಪೂರ್ತಿ ಹಾಳಾಯಿತು. ನಾನು ನನ್ನ ಕಂಪ್ಯೂಟರ್‌ನಿಂದ ಹಾಡು ಹಾಕಿದೆ. ಉಳಿದವರಿಗೆ ಅದು ತೊಟ್ಟಿಯೊಳಗಿಂದ ಬಂದ ಹಾಗೆ ಕೇಳಿಸಿತು. ಯಾರದೋ ಮನೆಯ ಮಿಕ್ಸಿ, ಯಾರದೋ ನಾಯಿ. ಅದನ್ನೆಲ್ಲ ಸಹಿಸಬಹುದಿತ್ತು. ಹಾಡು ಮುಗಿದ ಮೇಲಿನ ಮಾತು ಮಾತ್ರ ಸಹಿಸುವಂತಿರಲಿಲ್ಲ. "ಸೂಪರ್." "ಎಂಥಾ ಧ್ವನಿ!" "ಇಂಥವರು ಮತ್ತೆ ಹುಟ್ಟಲ್ಲ." "ಹೌದು, ಹುಟ್ಟಲ್ಲ." ಹತ್ತು ನಿಮಿಷಕ್ಕೆ ವಿಶೇಷಣಗಳೆಲ್ಲ ಖಾಲಿ. ಎಲ್ಲರೂ ಪರದೆ ನೋಡುತ್ತಾ ಕೂತೆವು. ಒಂಬತ್ತು ಜನಕ್ಕೂ ಆ ಹಾಡುಗಳ ಮೇಲೆ ಪ್ರಾಣ. ಆದರೆ ಆ ಪ್ರೀತಿ ಒಬ್ಬರಿಂದ ಇನ್ನೊಬ್ಬರಿಗೆ ಒಂದು ಗೇಣೂ ದಾಟಲಿಲ್ಲ.

ಕೇಳುವುದನ್ನು ಸರಿಪಡಿಸುವುದು ಸುಲಭವಿತ್ತು. ಎರಡನೇ ವಾರದಿಂದ ಪ್ರತಿಯೊಬ್ಬರೂ ತಮ್ಮ ತಮ್ಮ ಹತ್ತಿರ ಇರುವ ಪ್ರತಿಯನ್ನೇ ಹಾಕಿಕೊಳ್ಳಬೇಕು. ನಾನು ಒಂದು, ಎರಡು, ಮೂರು ಅಂತೀನಿ. ಎಲ್ಲರೂ ಒಟ್ಟಿಗೆ ಒತ್ತಬೇಕು. ಮೈಕ್ ಬಂದ್. ಕ್ಯಾಮೆರಾ ಇಷ್ಟವಿದ್ದರೆ ಇರಲಿ. ಕೇಳುತ್ತಿರುವಾಗ ಪಕ್ಕದಲ್ಲಿ ಮೆಸೇಜ್ ಟೈಪ್ ಮಾಡುವಂತಿಲ್ಲ. ಒಂದು ಸಲಕ್ಕೆ ರೆಕಾರ್ಡಿನ ಒಂದು ಬದಿ ಮಾತ್ರ, ಅಂದರೆ ಇಪ್ಪತ್ತು ನಿಮಿಷ ಚಿಲ್ಲರೆ. ಇಡೀ ಆಲ್ಬಮ್ ಕೇಳಿದರೆ ಕೊನೆಗೆ ಯಾರಿಗೂ ಮೊದಲ ಹಾಡಿನ ನೆನಪಿರುವುದಿಲ್ಲ.

ಮಾತಿನ ಸಮಸ್ಯೆಗೆ ದಾರಿ ತೋರಿಸಿದವರು ಗುಂಪಿನಲ್ಲಿ ಪಿಯಾನೋ ಕಲಿಸುವ ಒಬ್ಬರು. ಮೂರನೇ ವಾರ ಯಾರೋ ಮಾಮೂಲಿನಂತೆ "ಅದ್ಭುತ" ಅಂದರು. ಅವರು ಸಿಟ್ಟು ಮಾಡಿಕೊಳ್ಳದೆ ಕೇಳಿದರು: "ಯಾವ ಜಾಗ?"

"ಅಂದ್ರೆ?"

"ಹಾಡಿನಲ್ಲಿ ಯಾವ ಜಾಗದಲ್ಲಿ ಹಾಗನ್ನಿಸ್ತು? ಅಲ್ಲಿಗೆ ಹೋಗಿ ನಿಲ್ಲಿಸಿ."

ಆ ಮನುಷ್ಯ ತಡವರಿಸಿದ. ಮುಂದೆ ಹೋದ, ಹಿಂದೆ ಬಂದ. ಕೊನೆಗೆ ಒಂದು ಜಾಗ ಸಿಕ್ಕಿತು. ಪದ ಮುಗಿದ ಮೇಲೂ ಧ್ವನಿ ಮೇಲಕ್ಕೆ ಹೋಗಿ ಅಲ್ಲೇ ಒಂದು ಕ್ಷಣ ತೂಗುವ ಜಾಗ. ಎಲ್ಲರೂ ಅದಷ್ಟನ್ನೇ ಮೂರು ಸಲ ಕೇಳಿದೆವು. ಮೂರನೇ ಸಲಕ್ಕೆ ನನಗೂ ಕೇಳಿಸಿತು. ಹದಿನೈದು ವರ್ಷದಿಂದ ಕೇಳುತ್ತಿದ್ದ ಹಾಡು. ಆ ಜಾಗ ಮಾತ್ರ ಅವತ್ತಿನವರೆಗೆ ಕಿವಿಗೆ ಬಿದ್ದೇ ಇರಲಿಲ್ಲ.

ಅಲ್ಲಿಂದ ನಮ್ಮ ಗುಂಪಿನಲ್ಲಿ ಅದ್ಭುತ, ಅಮೋಘ, ದೇವತೆ, ಲೆಜೆಂಡ್ ಎಲ್ಲ ನಿಷೇಧ. ಯಾರಾದರೂ ಬಾಯಿ ತಪ್ಪಿ ಅಂದರೆ ಉಳಿದವರು ಒಟ್ಟಿಗೆ "ಯಾವ ಜಾಗ?" ಅಂತ ಕೂಗುತ್ತಾರೆ. ಶುರುವಿನಲ್ಲಿ ತಮಾಷೆಯಾಗಿತ್ತು. ಈಗ ಚಟ. ಮೊನ್ನೆ ಮನೆಯಲ್ಲಿ ಯಾರೋ ಸಿನಿಮಾ ಚೆನ್ನಾಗಿತ್ತು ಅಂದಾಗಲೂ ನನ್ನ ಬಾಯಲ್ಲಿ ಅದೇ ಬಂತು. ಒಳ್ಳೇದಾಗಲಿಲ್ಲ.

ಹೀಗೆ ಬೆರಳಿಟ್ಟು ತೋರಿಸುವುದು ಅಭ್ಯಾಸವಾದ ಮೇಲೆ ಒಬ್ಬೊಬ್ಬರ ಕಿವಿ ಹೇಗಿದೆ ಅನ್ನುವುದು ಹೊರಗೆ ಬಂತು. 'ಬ್ಲೂ' ಆಲ್ಬಮ್‌ನಲ್ಲಿ 'ರಿವರ್' ಅಂತ ಒಂದು ಹಾಡಿದೆ. ಪಿಯಾನೋ ಟೀಚರ್ ತೋರಿಸಿದ್ದು ಅದರ ಶುರುವನ್ನು. ಕ್ರಿಸ್‌ಮಸ್ ಹೊತ್ತಿಗೆ ಎಲ್ಲ ಮಕ್ಕಳೂ ಹಾಡುವ 'ಜಿಂಗಲ್ ಬೆಲ್ಸ್' ರಾಗ ಪಿಯಾನೋದಲ್ಲಿ ಬರುತ್ತದೆ, ಆದರೆ ಅದರ ಕೆಳಗೆ ಕೂತ ಸ್ವರಗಳು ಬೇರೆ. ಕುಣಿಯಬೇಕಾದ ರಾಗ ಕುಂಟುತ್ತಾ ಬರುತ್ತದೆ. "ಹಬ್ಬದ ದಿನ ಒಬ್ಬರೇ ಇರೋದು ಹೇಗಿರುತ್ತೆ ಅಂತ ಇನ್ನೂ ಬಾಯಿ ತೆರೆಯೋಕೆ ಮುಂಚೆನೇ ಹೇಳಿಬಿಟ್ಟಿದ್ದಾರೆ, ಅಲ್ವಾ?" ಅಂದರು. ಮರಗೆಲಸ ಮಾಡುವ ಇನ್ನೊಬ್ಬರಿಗೆ ಹಾಡಿಗಿಂತ ಅದೇ ಆಲ್ಬಮ್‌ನಲ್ಲಿ ಕೇಳಿಬರುವ ಡಲ್ಸಿಮರ್ ಮೇಲೆ ಕಣ್ಣು. ಮಡಿಲಲ್ಲಿ ಮಲಗಿಸಿಕೊಂಡು ನುಡಿಸುವ, ಗಿಟಾರಿಗಿಂತ ಎಷ್ಟೋ ಹಗುರವಾದ ವಾದ್ಯ. 1970ರಲ್ಲಿ ಯುರೋಪ್ ಸುತ್ತಲು ಹೊರಟಾಗ ಜೋನಿ ಅದನ್ನು ಜೊತೆಗೆ ಒಯ್ದಿದ್ದರು. 'ಬ್ಲೂ'ನ ಹಲವು ಹಾಡು ಆ ಓಡಾಟದಲ್ಲಿ, ಆ ವಾದ್ಯದ ಮೇಲೆ ಹುಟ್ಟಿದವು. ಮರಗೆಲಸದವರ ವಾದ ಏನಪ್ಪಾ ಅಂದರೆ, ಅಷ್ಟು ಸಣ್ಣ ಡಬ್ಬಿಯಲ್ಲಿ ಸದ್ದು ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಅದಕ್ಕೇ ಅವರು ಬಿಡದೆ ತಟ್ಟುತ್ತಾ ಮೀಟುತ್ತಾರೆ, ಅದಕ್ಕೇ ಆ ಹಾಡುಗಳಿಗೆ ಆ ನಡಿಗೆ. ಇದು ಸರಿಯೋ ತಪ್ಪೋ, ನನಗೆ ಆ ಹಾಡುಗಳು ಈಗ ಹಾಗೇ ಕೇಳಿಸುತ್ತವೆ.

ನನ್ನ ಪಾಲಿಗೆ ಬಂದದ್ದು ಗಿಟಾರು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಅಭಿಮಾನಕ್ಕೆ ಕೈಕಾಲು ಬಂದದ್ದೇ ಇಲ್ಲಿ.

ಒಂಬತ್ತನೇ ವಯಸ್ಸಿನಲ್ಲಿ ಜೋನಿಗೆ ಪೋಲಿಯೋ ಬಂತು. ಎಡಗೈಯ ಬಲ ಕುಂದಿತು. ಗಿಟಾರಿನಲ್ಲಿ ಕಷ್ಟದ ಕೆಲಸವೆಲ್ಲ ಎಡಗೈಯದ್ದೇ. ಬೆರಳು ಹೊಸೆದುಕೊಂಡು ತಂತಿ ಒತ್ತಬೇಕು. ಅದು ಆಗದಿದ್ದಾಗ ಅವರು ತಂತಿಗಳ ಶ್ರುತಿಯನ್ನೇ ಬದಲಿಸಿಕೊಂಡರು. ಕೈ ಬಗ್ಗದಿದ್ದರೆ ಗಿಟಾರೇ ಬಗ್ಗಲಿ ಅನ್ನುವ ಹಾಗೆ.

ಮಾಮೂಲಿ ಗಿಟಾರಿನ ಆರು ತಂತಿ ದಪ್ಪದ್ದರಿಂದ ಶುರುಮಾಡಿದರೆ ಇ, ಎ, ಡಿ, ಜಿ, ಬಿ, ಇ. ನಮ್ಮ ಸರಿಗಮದ ಹಾಗೆ ಇವು ಪಾಶ್ಚಾತ್ಯ ಸ್ವರಗಳ ಹೆಸರು. ಏನೂ ಒತ್ತದೆ ಸುಮ್ನೆ ಮೀಟಿದರೆ ಕಿವಿಗೆ ಹಿತವಾದ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ಬರುವುದಿಲ್ಲ. ಈಗ ದಪ್ಪ ತಂತಿಯ ಬಿರಡೆ ಸಡಿಲಿಸಿ ಇ ಇಂದ ಡಿಗೆ ಇಳಿಸಿ. ಅದರ ಪಕ್ಕದ ಎರಡು ಹಾಗೇ ಇರಲಿ. ಮುಂದಿನದನ್ನು ಜಿ ಇಂದ ಅರ್ಧ ಸ್ವರ ಇಳಿಸಿದರೆ ಎಫ್ ಶಾರ್ಪ್. ಅದರ ಪಕ್ಕದ್ದು ಬಿ ಇಂದ ಎಗೆ. ಕೊನೆಯ ಸಣ್ಣ ತಂತಿ ಇ ಇಂದ ಡಿಗೆ. ಎಡಗೈಯನ್ನು ತೊಡೆ ಮೇಲಿಟ್ಟುಕೊಂಡು ಬಲಗೈಯಲ್ಲಿ ಒಮ್ಮೆ ಮೀಟಿ. ಪೂರ್ತಿ ಡಿ ಮೇಜರ್ ಕಾರ್ಡ್! ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಇರುವ ಪಟ್ಟಿಗಳೇ ಮೆಟ್ಟಿಲು. ಐದನೇ ಮೆಟ್ಟಿಲಿನಲ್ಲಿ ಒಂದು ಬೆರಳನ್ನು ಅಡ್ಡಡ್ಡ ಇಟ್ಟರೆ ಜಿ. ಏಳರಲ್ಲಿ ಇಟ್ಟರೆ ಎ. ಮೂರು ಕಾರ್ಡಿಗೆ ಒಂದೇ ಬೆರಳು.

ಇದನ್ನು ಬರೆದಿಟ್ಟುಕೊಳ್ಳುವ ಒಂದು ಜಾಣ ವಿಧಾನ ಜೋನಿಯವರ ಸುತ್ತಲಿನವರಲ್ಲಿ ಬಳಕೆಯಲ್ಲಿತ್ತು, ಆಮೇಲೆ ಅಭಿಮಾನಿಗಳೂ ಅದನ್ನೇ ಹಿಡಿದರು. ಮೇಲಿನ ಶ್ರುತಿಯನ್ನು ಅವರು 'ಡಿ 7 5 4 3 5' ಅಂತ ಬರೆಯುತ್ತಾರೆ. ದಪ್ಪ ತಂತಿ ಡಿ. ಅದರ ಏಳನೇ ಮೆಟ್ಟಿಲಿನಲ್ಲಿ ಒತ್ತಿದರೆ ಬರುವ ಸ್ವರಕ್ಕೆ ಪಕ್ಕದ ತಂತಿಯನ್ನು ಕೂಡಿಸಿ. ಆ ತಂತಿಯ ಐದನೇ ಮೆಟ್ಟಿಲಿಗೆ ಅದರ ಪಕ್ಕದ್ದು. ಹೀಗೇ ಕೊನೆಯವರೆಗೆ. ಸ್ವರದ ಹೆಸರೇ ಗೊತ್ತಿರಬೇಕಾಗಿಲ್ಲ, ಕಿವಿ ಇದ್ದರೆ ಸಾಕು. ನಾನು ಮೊದಲ ಸಲ ಗುಂಪಿಗೆ ಬರೀ ಅಂಕಿಗಳನ್ನು ಕಳಿಸಿದಾಗ ಒಬ್ಬರು ಅದಕ್ಕೆ ಫೋನ್ ಮಾಡಲು ನೋಡಿದರಂತೆ.

ನನ್ನ ಎಡವಟ್ಟು ಒಂದು ಹೇಳಬೇಕು. 'ಬಿಗ್ ಯೆಲ್ಲೋ ಟ್ಯಾಕ್ಸಿ' ಹಾಡಿಗೆ ಬೇಕಾದದ್ದು ಇದೇ ಜೋಡಣೆ, ಆದರೆ ಇ ಸ್ವರದ ಮೇಲೆ. ಹಾಗಾದರೆ ತಂತಿಗಳನ್ನು ಇಳಿಸುವ ಬದಲು ಮೂರನ್ನು ಏರಿಸಬೇಕು. ಹಳೇ ತಂತಿ, ಹೊಸ ಉತ್ಸಾಹ. ಬಿರಡೆ ತಿರುಗಿಸುತ್ತಾ ಮುಖ ಬಗ್ಗಿಸಿ ಕಿವಿ ಕೊಟ್ಟಿದ್ದೆ. ಪಟ್ ಅಂತ ಹರಿದದ್ದು ಕೆನ್ನೆಗೆ ಬಡಿಯಿತು. ಕಣ್ಣಿಗಿಂತ ಎರಡು ಬೆರಳು ಕೆಳಗೆ. ಒಂದು ವಾರ ಬಳೆಚೂರಿನಂಥ ಗೀರು. ಆಮೇಲೆ ಗೊತ್ತಾಯಿತು, ಡಿ ಶ್ರುತಿಯಲ್ಲೇ ಇಟ್ಟು ಎರಡನೇ ಮೆಟ್ಟಿಲಿಗೆ ಕೇಪೋ, ಅಂದರೆ ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತುವ ಕ್ಲಿಪ್ಪು, ಹಾಕಿದರೆ ಆಯಿತು, ಇ ತಾನಾಗೇ ಬರುತ್ತದೆ. ತಂತಿಗೂ ಕ್ಷೇಮ, ಕೆನ್ನೆಗೂ ಕ್ಷೇಮ.

ಇಂಥ ಶ್ರುತಿಗಳು ಒಂದೆರಡಲ್ಲ, ಐವತ್ತಕ್ಕೂ ಹೆಚ್ಚು. ಒಂದೊಂದು ಹಾಡಿಗೆ ಒಂದೊಂದು. ಬೆರಳು ಇಡುವ ಜಾಗವೂ ಒಂದೊಂದರಲ್ಲಿ ಬೇರೆ. ಹಾಗಾಗಿ ಶ್ರುತಿ ಮರೆತರೆ ಹಾಡೇ ಕೈತಪ್ಪಿ ಹೋದಂತೆ. ಇಲ್ಲಿ ಬರುತ್ತಾರೆ ನನ್ನ ಮೆಚ್ಚಿನ ಅಭಿಮಾನಿ ಜೋಯಲ್ ಬರ್ನ್‌ಸ್ಟೀನ್. ಹದಿಹರೆಯದಲ್ಲಿ ಕ್ಯಾಮೆರಾ ಹಿಡಿದುಕೊಂಡು ಜೋನಿಯ ಕಛೇರಿಗಳಿಗೆ ಬಂದ ಹುಡುಗ. ಮುಂದೆ ಅವರ ಛಾಯಾಗ್ರಾಹಕರಾದರು, ಗಿಟಾರುಗಳನ್ನು ನೋಡಿಕೊಳ್ಳುವವರೂ ಆದರು. ಯಾವ ಹಾಡಿಗೆ ಯಾವ ಶ್ರುತಿ ಅಂತ ಬರೆದಿಟ್ಟುಕೊಂಡರು. ಜೋನಿಗೇ ಮರೆತುಹೋದ ಹಾಡುಗಳನ್ನು ತಿರುಗಿ ಅವರಿಗೇ ತೋರಿಸಿಕೊಟ್ಟರು. ಹೊಗಳಿಕೆ ಅಂದರೆ ಇದಪ್ಪ ಅಂತ ನನಗೆ ಅನ್ನಿಸುತ್ತದೆ.

ವೇದಿಕೆಯಲ್ಲಿ ಪ್ರತಿ ಹಾಡಿಗೂ ಬಿರಡೆ ತಿರುವುತ್ತಾ ನಿಲ್ಲುವುದು ಜೋನಿಗೂ ಸಾಕಾಗಿತ್ತು. ತೊಂಬತ್ತರ ದಶಕದಲ್ಲಿ ರೋಲ್ಯಾಂಡ್ ಕಂಪನಿಯ ವಿಜಿ-8 ಅನ್ನುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು. ತಂತಿ ಇದ್ದ ಹಾಗೇ ಇರುತ್ತದೆ, ಹೊರಗೆ ಕೇಳುವ ಶ್ರುತಿಯನ್ನು ಯಂತ್ರ ಬದಲಿಸುತ್ತದೆ. ಆ ಕಾಲದ ರೆಕಾರ್ಡಿಂಗ್‌ಗಳ ಗಿಟಾರ್ ದನಿ ನನಗೇನೂ ಹಿಡಿಸಲ್ಲ, ಪ್ಲಾಸ್ಟಿಕ್ ಹೂವಿನ ಹಾಗೆ ಅನ್ನಿಸುತ್ತದೆ. ಗುಂಪಿನಲ್ಲಿ ಹಾಗಂದಾಗ ಒಬ್ಬರು, "ಆ ಪೆಟ್ಟಿಗೆ ಇಲ್ಲದಿದ್ದರೆ ಅವರು ಗಿಟಾರೇ ಮುಟ್ಟುತ್ತಿರಲಿಲ್ಲವೇನೋ" ಅಂದರು. ಸುಮ್ಮನಾದೆ.

ಜಗಳ ಬರದ ಅಭಿಮಾನಿಗಳ ಗುಂಪು ಇದೆಯಾ? ನಮ್ಮಲ್ಲಿ ಎರಡು ಪಂಗಡ. 'ಬ್ಲೂ'ವರೆಗಿನ ಜೋನಿಯೇ ಜೋನಿ ಅನ್ನುವವರು ಒಂದು ಕಡೆ. 1976ರ 'ಹೆಜೀರಾ'ದವರು ಇನ್ನೊಂದು ಕಡೆ. ಅಮೆರಿಕದ ಮೇನ್‌ನಿಂದ ಕ್ಯಾಲಿಫೋರ್ನಿಯಾದವರೆಗೆ ಒಬ್ಬರೇ ಕಾರು ಓಡಿಸಿಕೊಂಡು ಬಂದಾಗ ಹುಟ್ಟಿದ ಹಾಡುಗಳು ಅವು. ಹಲವು ಹಾಡಿನಲ್ಲಿ ಜಾಕೋ ಪಾಸ್ಟೋರಿಯಸ್ ಬೇಸ್ ಗಿಟಾರ್ ನುಡಿಸಿದ್ದಾರೆ, ಮೆಟ್ಟಿಲೇ ಇಲ್ಲದ ಬೇಸ್. ಸ್ವರದಿಂದ ಸ್ವರಕ್ಕೆ ಜಾರುತ್ತದೆ. ರಾತ್ರಿ ಲಾರಿ ಓಡಿಸುವ ಒಬ್ಬ ಸದಸ್ಯರಿದ್ದಾರೆ. ಅವರು ತೋರಿಸುವ ಜಾಗಗಳೆಲ್ಲ 'ಹೆಜೀರಾ'ದಲ್ಲೇ. "ಇದರಲ್ಲಿ ಹಾಡು ಮುಗಿಯೋದಿಲ್ಲ ಸಾರ್, ರಸ್ತೆ ತಿರುಗುತ್ತೆ ಅಷ್ಟೇ" ಅಂತಾರೆ. ಇದಕ್ಕಿಂತ ಚೆನ್ನಾಗಿ ಆ ಆಲ್ಬಮ್ ಬಗ್ಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

1979ರಲ್ಲಿ ಬಂದ 'ಮಿಂಗಸ್' ಕೇಳಿದ ರಾತ್ರಿ ಜಗಳ ತಾರಕಕ್ಕೆ ಹೋಯಿತು. ಜಾಝ್ ದಿಗ್ಗಜ ಚಾರ್ಲ್ಸ್ ಮಿಂಗಸ್ ಸಾಯುವ ಮುನ್ನ ಅವರ ಜೊತೆ ಸೇರಿ ಶುರುಮಾಡಿದ ಆಲ್ಬಮ್ ಅದು. ಒಬ್ಬರು, ಇದು ಹಾಡಲ್ಲ, ಜೋನಿ ನಮಗೆ ಮೋಸ ಮಾಡಿದರು ಅಂದರು. ಆಗ ಟೀಚರ್ 1974ರ ಲೈವ್ ಆಲ್ಬಮ್ 'ಮೈಲ್ಸ್ ಆಫ್ ಐಲ್ಸ್' ತೆಗೆದರು. ಅದರಲ್ಲಿ ಒಂದು ಕಡೆ ಸಭಿಕರು ತಮಗೆ ಬೇಕಾದ ಹಾಡಿನ ಹೆಸರು ಕೂಗುತ್ತಿರುತ್ತಾರೆ. ಜೋನಿ ನಗುತ್ತಾ ಚಿತ್ರ ಬರೆಯುವುದಕ್ಕೂ ಹಾಡುವುದಕ್ಕೂ ಇರುವ ವ್ಯತ್ಯಾಸ ಹೇಳುತ್ತಾರೆ. ಆ ನಕ್ಷತ್ರದ ರಾತ್ರಿಯನ್ನು ಇನ್ನೊಂದು ಸಲ ಬರೆಯಪ್ಪಾ ಅಂತ ವ್ಯಾನ್ ಗೋ ಹತ್ತಿರ ಯಾರೂ ಕೇಳಲಿಲ್ಲವಲ್ಲ, ಅನ್ನುವುದು ಅವರ ಮಾತಿನ ಸಾರ. ಇಷ್ಟು ಹೇಳಿ, ಕೇಳಿದ ಹಳೇ ಹಾಡನ್ನೇ ಹಾಡುತ್ತಾರೆ! ಮೋಸ ಅಂದವರಿಗೆ ಇದು ತಮಗೇ ಹೇಳಿದಂತೆ ಅನ್ನಿಸಿತೋ ಏನೋ, ಗುಂಪು ಬಿಟ್ಟರು. ಬೇಸರವಾಯಿತು. ಅವರ ಕಿವಿ ಚೆನ್ನಾಗಿತ್ತು.

ಆಮೇಲೆ ನಾನೇ ಒಂದು ಮಾತು ಸೇರಿಸಿದೆ. ಇಷ್ಟವಾಗಲಿಲ್ಲ ಅನ್ನುವುದಕ್ಕೆ ಇಲ್ಲಿ ಪೂರ್ತಿ ಸ್ವಾತಂತ್ರ್ಯ ಇದೆ, ಆದರೆ ಅದಕ್ಕೂ ಜಾಗ ತೋರಿಸಬೇಕು. 1985ರ 'ಡಾಗ್ ಈಟ್ ಡಾಗ್' ನನಗೆ ಸೇರುವುದಿಲ್ಲ. ಆ ಕಾಲದ ಸಿಂಥಸೈಸರ್ ಮತ್ತು ಡ್ರಮ್ ಸದ್ದು ಅವರ ಮಾತನ್ನು ಪಕ್ಕಕ್ಕೆ ತಳ್ಳುತ್ತದೆ. ಎಲ್ಲೆಲ್ಲಿ ಅಂತ ತೋರಿಸಿದೆ. ತೋರಿಸಲು ಹೋಗಿ ಅದರಲ್ಲೇ ಒಂದು ಹಾಡು ಇಷ್ಟವಾಗಿಬಿಟ್ಟಿತು. ಯಾವುದು ಅಂತ ಇನ್ನೂ ಗುಂಪಿನಲ್ಲಿ ಬಾಯಿ ಬಿಟ್ಟಿಲ್ಲ.

ಇನ್ನೊಂದು ನಿಷೇಧ ತಾನಾಗೇ ಬಂತು. ಯಾವ ಹಾಡು ಯಾವ ಪ್ರಿಯಕರನ ಬಗ್ಗೆ ಅನ್ನುವ ಮಾತು. ಒಂದು ರಾತ್ರಿ ಪೂರ್ತಿ ಅದರಲ್ಲೇ ಕಳೆಯಿತು. ಮಾರನೇ ದಿನ ನೋಡಿದರೆ ಒಂದು ಹಾಡನ್ನೂ ಸರಿಯಾಗಿ ಕೇಳಿರಲಿಲ್ಲ. 'ಲಿಟಲ್ ಗ್ರೀನ್' ಒಂದಕ್ಕೆ ಮಾತ್ರ ವಿನಾಯಿತಿ. 1965ರಲ್ಲಿ ಹುಟ್ಟಿದ ಮಗಳನ್ನು ಸಾಕುವ ಸ್ಥಿತಿಯಿಲ್ಲದೆ ಜೋನಿ ದತ್ತು ಕೊಟ್ಟಿದ್ದರು. ಹಾಡು ಆ ಮಗುವಿನದ್ದು. 1971ರಲ್ಲಿ ಕೇಳಿದವರಿಗೆ ಇದೇನೂ ಗೊತ್ತಿರಲಿಲ್ಲ. 1997ರಲ್ಲಿ ತಾಯಿ ಮಗಳು ಮತ್ತೆ ಸೇರಿದರು. ಗುಂಪಿನ ಹಿರಿಯರೊಬ್ಬರು ಇದು ತಿಳಿಯುವ ಮೊದಲೂ ಅದೇ ಜಾಗದಲ್ಲಿ ಗಂಟಲು ಕಟ್ಟುತ್ತಿತ್ತು, ತಿಳಿದ ಮೇಲೂ ಅದೇ ಜಾಗ ಅಂದರು. ಅದರ ಮೇಲೆ ನಾವು ಜಾಸ್ತಿ ಮಾತಾಡಲಿಲ್ಲ.

2022ರ ಜನವರಿಯಲ್ಲಿ ಒಂದು ಪೇಚು. ಕೋವಿಡ್ ಲಸಿಕೆ ಬಗ್ಗೆ ಸುಳ್ಳು ಹಬ್ಬಿಸುವುದಕ್ಕೆ ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ ಜಾಗ ಕೊಡುತ್ತಿದೆ ಅಂತ ಹಾಡುಗಾರ ನೀಲ್ ಯಂಗ್ ಅದರಿಂದ ತಮ್ಮ ಹಾಡುಗಳನ್ನು ತೆಗೆಸಿದರು. ಬೆನ್ನಿಗೇ ಜೋನಿಯೂ ತೆಗೆಸಿದರು. ಇಬ್ಬರೂ ಚಿಕ್ಕಂದಿನಲ್ಲಿ ಪೋಲಿಯೋ ಅನುಭವಿಸಿದವರು. ಅವರ ನಿಲುವಿಗೆ ನಮ್ಮದು ಜೈ. ಆದರೆ ಶನಿವಾರ ಬಂದಾಗ ಗುಂಪಿನ ಅರ್ಧ ಜನಕ್ಕೆ ಒತ್ತಲು ಬಟನ್ನೇ ಇಲ್ಲ. ಸಿಡಿ, ಹಳೇ ಕ್ಯಾಸೆಟ್ ಹುಡುಕಾಟ ಶುರು. ಒಬ್ಬರ ಹತ್ತಿರ ಕ್ಯಾಸೆಟ್ ಇತ್ತು, ಪ್ಲೇಯರ್ ಇರಲಿಲ್ಲ. ಪ್ಲೇಯರ್ ಸಿಕ್ಕಿತು, ಅದು ಸ್ವಲ್ಪ ನಿಧಾನಕ್ಕೆ ಓಡುತ್ತಿತ್ತು. ಅವರಿಗೆ ಹಾಡು ಮುಗಿಯುವುದು ಎಲ್ಲರಿಗಿಂತ ಹತ್ತು ಸೆಕೆಂಡ್ ತಡ. ಕಾಯುತ್ತಿದ್ದೆವು. 2024ರ ಮಾರ್ಚ್‌ನಲ್ಲಿ ಹಾಡುಗಳು ವಾಪಸ್ ಬಂದವು. ಅಷ್ಟರಲ್ಲಿ ಕ್ಯಾಸೆಟ್ಟಿನವರು ಅದಕ್ಕೇ ಒಗ್ಗಿಹೋಗಿದ್ದರು.

ಅದಕ್ಕೂ ಮುಂಚೆ, 2022ರ ಜುಲೈ 24ರಂದು, ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಜೋನಿ ಯಾರಿಗೂ ಮುಂಚೆ ಹೇಳದೆ ವೇದಿಕೆಗೆ ಬಂದರು. ಏಳು ವರ್ಷದ ಹಿಂದೆ ಅವರ ಮೆದುಳಿನ ರಕ್ತನಾಳ ಒಡೆದಿತ್ತು. ನಡೆಯುವುದನ್ನೂ ಹೊಸದಾಗಿ ಕಲಿತವರು. ವಿಡಿಯೋ ಬಂದ ದಿನವೇ ತುರ್ತು ಸಭೆ ಸೇರಿದೆವು. ಹಾಡುಗಾರ್ತಿ ಬ್ರ್ಯಾಂಡಿ ಕಾರ್ಲೈಲ್ ಪಕ್ಕದಲ್ಲಿದ್ದಾರೆ, ಸುತ್ತ ಕಿರಿಯ ಹಾಡುಗಾರರ ದಂಡು. 'ಬೋತ್ ಸೈಡ್ಸ್ ನೌ' ಹಾಡುವಾಗ ಹಿಂದೆ ಕೂತ ಹಾಡುಗಾರ್ತಿ ವೈನೋನಾ ಜಡ್ ಕಣ್ಣೀರು ಹಾಕುತ್ತಿದ್ದಾರೆ. ನಾವೂ ಅಷ್ಟೇ. ನಮ್ಮ ನಿಯಮ ಅವತ್ತು ಯಾರಿಗೂ ನೆನಪಾಗಲಿಲ್ಲ.

ನೆನಪಾದದ್ದು ಒಬ್ಬರಿಗೆ. ಅವರು ಫಿಸಿಯೋಥೆರಪಿಸ್ಟ್. ಎಲ್ಲರೂ ಆ ಹಾಡಿನ ಬಗ್ಗೆ ಮಾತಾಡುತ್ತಿದ್ದಾಗ ಅವರು ವಿಡಿಯೋವನ್ನು ಬೇರೆ ಕಡೆ ನಿಲ್ಲಿಸಿದರು. ಜೋನಿ ಎದ್ದು ನಿಂತು, ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡು, ಹಾಡದೆ ಬರೀ ನುಡಿಸುವ ಭಾಗ. 'ಜಸ್ಟ್ ಲೈಕ್ ದಿಸ್ ಟ್ರೇನ್'. "ನೀವೆಲ್ಲ ಮುಖ ನೋಡ್ತಿದ್ದೀರಿ. ಕೈ ನೋಡಿ," ಅಂದರು. ಸದ್ದು ಬಂದ್ ಮಾಡಿಸಿದರು. ಬರೀ ಕೈ ನೋಡುತ್ತಾ ಕೂತೆವು. ಬೆರಳು ಎಲ್ಲಿಡಬೇಕು ಅನ್ನುವುದನ್ನು ತಮ್ಮದೇ ಹಳೇ ವಿಡಿಯೋ ನೋಡಿ ತಿರುಗಿ ಕಲಿತೆ ಅಂತ ಜೋನಿ ಆಮೇಲೆ ಒಂದು ಸಂದರ್ಶನದಲ್ಲಿ ಹೇಳಿದರು. ಫಿಸಿಯೋ ಅವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಅವರ ಹತ್ತಿರ ಬರುವವರು ಷರಟಿನ ಗುಂಡಿ ಹಾಕಲು ಮೂರು ತಿಂಗಳು ತೆಗೆದುಕೊಳ್ಳುತ್ತಾರಂತೆ. ಎಪ್ಪತ್ತೆಂಟು ವಯಸ್ಸು, ಚಿಕ್ಕಂದಿನಿಂದಲೂ ಬಲ ಕಮ್ಮಿಯಿದ್ದ ಕೈ, ಅದರ ಮೇಲೆ ಇದು. ಅವತ್ತು ರಾತ್ರಿ ನಾನು ಗಿಟಾರನ್ನು ಎಡಗೈಯಲ್ಲಿ ಸುಮ್ನೆ ಹಿಡಿದುಕೊಂಡು ಕೂತಿದ್ದೆ. ನುಡಿಸಲಿಲ್ಲ.

'ಬೋತ್ ಸೈಡ್ಸ್ ನೌ' ಹಾಡಿಗೆ ನಾವು ಬೇರೆಯದೇ ಒಂದು ರಾತ್ರಿ ಇಟ್ಟೆವು. ಜೋನಿ ಅದನ್ನು ಬರೆದದ್ದು 1967ರಲ್ಲಿ, ಇಪ್ಪತ್ಮೂರನೇ ವಯಸ್ಸಿನಲ್ಲಿ. ಮೊದಲು ಜನಕ್ಕೆ ತಲುಪಿಸಿದ್ದು ಜೂಡಿ ಕಾಲಿನ್ಸ್ ಧ್ವನಿ. ಜೋನಿ ಸ್ವಂತ ರೆಕಾರ್ಡ್ ಮಾಡಿದ್ದು 1969ರಲ್ಲಿ, ಗಿಟಾರ್ ಒಂದೇ ಜೊತೆಗೆ. ಮತ್ತೆ 2000ದಲ್ಲಿ ದೊಡ್ಡ ಆರ್ಕೆಸ್ಟ್ರಾ ಜೊತೆ. ಜೋನಿಯ ಈ ಎರಡನ್ನೂ ಒಂದರ ಹಿಂದೆ ಒಂದು ಹಾಕಿದೆವು. ಮೊದಲನೆಯದರಲ್ಲಿ ಧ್ವನಿ ಗಾಳಿಪಟ. ಎರಡನೆಯದರಲ್ಲಿ ಅದೇ ಧ್ವನಿ ನೆಲದ ಮೇಲೆ, ಭಾರವಾಗಿ, ಒಂದೊಂದು ಪದಕ್ಕೂ ಕಾದು ಹೆಜ್ಜೆ ಇಡುತ್ತದೆ. ಒಂಬತ್ತನೇ ವಯಸ್ಸಿಗೇ ಸಿಗರೇಟು ಹಿಡಿದವರ ಧ್ವನಿ ಅದು. ಬದುಕನ್ನು ಎರಡೂ ಕಡೆಯಿಂದ ನೋಡಿದ್ದೇನೆ, ಆದರೂ ತಿಳಿಯಲಿಲ್ಲ ಅನ್ನುವ ಮಾತನ್ನು ಇಪ್ಪತ್ಮೂರರ ಹುಡುಗಿ ಹೇಳಿದರೆ ಜಾಣತನ. ಐವತ್ತಾರರ ಹೆಂಗಸು ಹೇಳಿದರೆ ಅದು ಸಾಕ್ಷಿ. ಗುಂಪಿನ ಅತಿ ಕಿರಿಯ ಹುಡುಗಿಗೆ ಆಗ ಇಪ್ಪತ್ತೆರಡು. ಅವಳು ಒಪ್ಪಲಿಲ್ಲ. "ನನಗೆ ಮೊದಲನೆಯದೇ ನಿಜ ಅನ್ನಿಸುತ್ತೆ. ಏನೂ ಗೊತ್ತಿಲ್ಲ ಅಂತ ಗೊತ್ತಾಗೋದು ಈ ವಯಸ್ಸಿಗೇ" ಅಂದಳು. ಅಲ್ಲಿದ್ದ ನಡುವಯಸ್ಸಿನವರಿಗೆಲ್ಲ ಒಂದು ಕ್ಷಣ ಮಾತು ನಿಂತುಹೋಯಿತು.

2023ರ ನವೆಂಬರ್ 7ಕ್ಕೆ ಜೋನಿಗೆ ಎಂಬತ್ತು. ಏನಾದರೂ ಮಾಡಬೇಕು ಅಂತ ಆಗಸ್ಟ್‌ನಲ್ಲೇ ಮಾತು ಶುರುವಾಯಿತು. ನನ್ನ ನಾಲ್ಕು ಪುಟದ ಪತ್ರವನ್ನು ಗುಂಪಿನಲ್ಲಿ ಓದಿ ತೋರಿಸಿದೆ, ಹೇಗೆ ಬರೆಯಬಾರದು ಅನ್ನುವುದಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕರಾರು ಮಾಡಿಕೊಂಡೆವು. ಒಬ್ಬರಿಗೆ ಅರ್ಧ ಪುಟ. ಒಂದು ಹಾಡು, ಅದರಲ್ಲಿ ಒಂದು ಜಾಗ. ಆ ಜಾಗ ನಿಮಗೆ ಏನು ಮಾಡಿತು ಅನ್ನುವುದಕ್ಕೆ ಎರಡೇ ವಾಕ್ಯ, ಉಳಿದದ್ದೆಲ್ಲ ಆ ಜಾಗದಲ್ಲಿ ಏನಾಗುತ್ತದೆ ಅನ್ನುವುದಕ್ಕೆ.

ಅರ್ಧ ಪುಟ ಬರೆಯಲು ಜನ ಎರಡು ತಿಂಗಳು ಒದ್ದಾಡಿದರು. ನನ್ನ ಕೆಲಸ ಅವುಗಳನ್ನು ತಿದ್ದುವುದು. ತಿದ್ದುವುದು ಅಂದರೆ ಹೆಚ್ಚಾಗಿ ಮೊದಲ ಪ್ಯಾರಾ ಹೊಡೆದುಹಾಕುವುದು. ಎಲ್ಲರೂ ಮೊದಲ ಪ್ಯಾರಾದಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ನಾನು ಯಾವಾಗ ಮೊದಲು ಕೇಳಿದೆ, ಯಾರು ಕೇಳಿಸಿದರು, ಆಗ ಮಳೆ ಬರುತ್ತಿತ್ತಾ. ಎರಡನೇ ಪ್ಯಾರಾದಲ್ಲಿ ಹಾಡು ಬರುತ್ತದೆ. ಅಲ್ಲಿಂದ ಇಟ್ಟುಕೊಂಡರೆ ಸಾಕು. ಒಬ್ಬರು ಮಾತ್ರ ಮಳೆ ಬಿಡಲು ಒಪ್ಪಲಿಲ್ಲ. ಮಳೆ ಉಳಿಯಿತು.

ಲಾರಿಯವರಿಗೆ ಬರೆಯಲು ಬರುವುದಿಲ್ಲ ಅಂತ ಹಟ. ಬಾಯಲ್ಲಿ ಹೇಳಿ, ನಾನು ಬರೆದುಕೊಳ್ಳುತ್ತೇನೆ ಅಂದೆ. ರಾತ್ರಿ ಎರಡು ಗಂಟೆಗೆ ಗಾಡಿ ನಿಲ್ಲಿಸಿ ಧ್ವನಿ ಸಂದೇಶ ಕಳಿಸಿದರು. ಹಿಂದೆ ಇಂಜಿನ್ ಇನ್ನೂ ಗುರುಗುಡುತ್ತಿತ್ತು. ನಾನದನ್ನು ನೀಟಾಗಿ ತಿದ್ದಿ ಬರೆದೆ. ಓದಿದರೆ ಸತ್ತ ಮೀನು. ಪೂರ್ತಿ ಹರಿದುಹಾಕಿ ಅವರು ಹೇಳಿದ್ದನ್ನು ಹಾಗಾಗೇ ಇಳಿಸಿದೆ. ಹದಿನೇಳು ಪತ್ರಗಳಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿದೆ.

ಕಳಿಸುವ ಕತೆ ಬೇರೆ. ತಲುಪಿಸುತ್ತೇವೆ ಅಂದ ಮಧ್ಯವರ್ತಿಯೊಬ್ಬರು ಎರಡು ಇಮೇಲ್ ಬರೆದು ಮೂರನೆಯದಕ್ಕೆ ಮಾಯವಾದರು. ಎರಡು ವಾರ ಎಲ್ಲರ ಮುಖವೂ ಬಾಡಿತ್ತು. ಅವರಿಗೆ ತಲುಪದಿದ್ದರೆ ಇದನ್ನೆಲ್ಲ ಯಾಕೆ ಬರೆದದ್ದು ಅಂತ. ಕೊನೆಗೆ ಆ ಏಳನೇ ತಾರೀಖು ರಾತ್ರಿ ಸೇರಿ ಒಬ್ಬರ ಪತ್ರವನ್ನು ಇನ್ನೊಬ್ಬರು ಓದಿದೆವು. ಪ್ರತಿ ಪತ್ರ ಆದಮೇಲೆ ಅದರಲ್ಲಿ ಹೇಳಿದ ಜಾಗವನ್ನಷ್ಟೇ ಹಾಕಿದೆವು, ಹತ್ತು ಹದಿನೈದು ಸೆಕೆಂಡ್. ಹದಿನೇಳು ಜಾಗ. ಯಾವ ಎರಡು ಪತ್ರವೂ ಒಂದೇ ಜಾಗ ಹಿಡಿದಿರಲಿಲ್ಲ. ಇದನ್ನು ಯಾರೂ ಹೊಂದಿಸಿಕೊಂಡಿರಲಿಲ್ಲ. ಮುಗಿಯುವಾಗ ರಾತ್ರಿ ಒಂದೂವರೆ. ತಲುಪಿಸುವ ಮಾತು ಆಮೇಲೆ ಯಾರೂ ಎತ್ತಿಲ್ಲ.

ಮೂರು ತಿಂಗಳಾದ ಮೇಲೆ, 2024ರ ಫೆಬ್ರುವರಿ 4ರಂದು, ಜೋನಿ ಗ್ರ್ಯಾಮಿ ವೇದಿಕೆಯಲ್ಲಿ ಮೊಟ್ಟಮೊದಲ ಸಲ ಹಾಡಿದರು, ಎಂಬತ್ತನೇ ವಯಸ್ಸಿನಲ್ಲಿ. ಅದೇ ಹಾಡು, 'ಬೋತ್ ಸೈಡ್ಸ್ ನೌ'. ಇಪ್ಪತ್ತೆರಡರ ಹುಡುಗಿಗೆ ಅಷ್ಟರಲ್ಲಿ ಇಪ್ಪತ್ನಾಲ್ಕಾಗಿತ್ತು. ಗುಂಪಿಗೆ ಒಂದೇ ಸಾಲು ಬರೆದಳು: "ಸರಿ, ಇದೂ ನಿಜ."

ಈಗ ನಾವು ಎರಡನೇ ಸುತ್ತಿನಲ್ಲಿ 'ಹೆಜೀರಾ'ಕ್ಕೆ ಬಂದಿದ್ದೇವೆ. ನಾನು ಅದರ ಮೊದಲ ಹಾಡು 'ಕೊಯೋಟಿ' ಹಿಡಿದು ಕೂತಿದ್ದೇನೆ. ಶ್ರುತಿ 'ಸಿ 7 7 3 7 4'. ದಪ್ಪ ತಂತಿಯನ್ನು ಇ ಇಂದ ಸಿವರೆಗೆ ಇಳಿಸಿದರೆ ಅದು ಬಟ್ಟೆ ಒಣಹಾಕುವ ಹಗ್ಗದಷ್ಟು ಸಡಿಲ. ಮೀಟಿದಾಗಲೆಲ್ಲ ಮೆಟ್ಟಿಲಿಗೆ ಬಡಿದು ಜಿರ್ ಅನ್ನುತ್ತದೆ. ಇನ್ನೂ ದಪ್ಪ ತಂತಿ ಹಾಕಿ ನೋಡಿ, 0.056 ಇಂಚಿನದ್ದು, ಅಂತ ಮರಗೆಲಸದವರು ಹೇಳಿದ್ದಾರೆ. ತಂದಿಟ್ಟಿದ್ದೇನೆ. ಭಾನುವಾರ ಹಾಕಬೇಕು, ಈ ಸಲ ಮುಖ ದೂರ ಇಟ್ಟುಕೊಂಡು.